ದಮ್ಮು ಉಳಿಸಿಕೊಳ್ಳಿ, ಪಾದಕ್ಕೆ ಸಮಯ ಕೊಡಿ

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಈಜು, ಸೈಕಲ್, ಓಟ ಮೂರೂ ಒಂದರ ಹಿಂದೊಂದು ಇರುವ ಟ್ರಯಥ್ಲಾನ್‌ಗೆ ತಯಾರಾಗುತ್ತಿರುವಾಗ ಪಾದಕ್ಕೆ ಪೆಟ್ಟು ಮಾಡಿಕೊಂಡವರು ಮೊದಲು ಕೇಳುವ ಪ್ರಶ್ನೆ ಹೆಚ್ಚು ಕಮ್ಮಿ ಒಂದೇ: "ಮತ್ತೆ ಓಡೋದು ಯಾವಾಗ?" ಸಹಜವಾದ ಪ್ರಶ್ನೆ. ಅದರ ಜೊತೆಗೇ ಇನ್ನೊಂದನ್ನೂ ಕೇಳಿಕೊಳ್ಳಬೇಕು. ಓಡದೆ ಇರುವ ಈ ವಾರಗಳಲ್ಲಿ ಏನೇನು ಉಳಿಸಿಕೊಳ್ಳಬಹುದು? ಅದನ್ನೆಲ್ಲ ಉಳಿಸಿಕೊಂಡು ವಾಪಸ್ ಬರುವಾಗ ಪಾದವನ್ನು ಮತ್ತೆ ಕೆಡಿಸಿಕೊಳ್ಳದೆ ಇರುವುದು ಹೇಗೆ? ಎರಡನೇ ಭಾಗಕ್ಕೆ ನಾನು ಜಾಸ್ತಿ ಒತ್ತು ಕೊಡುತ್ತೇನೆ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ನಮ್ಮ ಕ್ರೀಡೆಯಲ್ಲಿ ಒಂದು ಅನುಕೂಲ ಇದೆ. ಒಲಿಂಪಿಕ್ ದೂರದ ಸ್ಪರ್ಧೆ ಅಂದರೆ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಹೆಚ್ಚಿನವರಿಗೆ ಅರ್ಧಕ್ಕಿಂತ ಜಾಸ್ತಿ ಸಮಯ ಹೋಗುವುದು ನೀರಲ್ಲಿ ಮತ್ತು ಸೈಕಲ್ ಮೇಲೆ. ಓಡುವಾಗ ಪ್ರತಿ ಹೆಜ್ಜೆಗೂ ಪಾದದ ಮೇಲೆ ದೇಹದ ತೂಕದ ಎರಡರಿಂದ ಮೂರು ಪಟ್ಟು ಭಾರ ಬೀಳುತ್ತದೆ, 10 ಕಿ.ಮೀ.ನಲ್ಲಿ ಒಂದೊಂದು ಪಾದವೂ ಸುಮಾರು ಐದು ಸಾವಿರ ಸಲ ಅದನ್ನು ತಡೆದುಕೊಳ್ಳಬೇಕು. ಈಜಿನಲ್ಲಿ, ಸೈಕಲ್‌ನಲ್ಲಿ ಆ ಬಡಿತ ಇಲ್ಲ. ಬರೀ ಓಟಗಾರನಿಗೆ ಪಾದ ಹೋದರೆ ಎಲ್ಲಾ ನಿಂತ ಹಾಗೆ. ನಮಗೆ ಹಾಗಲ್ಲ.

ಆದರೆ ಮೊದಲು ಏನಾಗಿದೆ ಅಂತ ತಿಳಿದುಕೊಳ್ಳಿ. "ಪಾದ ನೋವು" ಅನ್ನುವುದು ರೋಗದ ಹೆಸರಲ್ಲ. ಪಾದದಲ್ಲಿ 26 ಮೂಳೆಗಳಿವೆ, ಅವುಗಳ ಸುತ್ತ ಸ್ನಾಯು, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಮೂಳೆಗೆ ಮೂಳೆ ಕಟ್ಟುವ ಅಸ್ಥಿರಜ್ಜು ಎಲ್ಲ ಇವೆ. ಯಾವುದು ಕೆಟ್ಟಿದೆ ಅನ್ನುವುದರ ಮೇಲೆ ನೀವು ಏನು ಮಾಡಬಹುದು, ಏನು ಮಾಡಬಾರದು ಅನ್ನುವುದು ಪೂರ್ತಿ ಬದಲಾಗುತ್ತದೆ. ಬೆಳಿಗ್ಗೆ ಎದ್ದು ಮೊದಲ ನಾಲ್ಕು ಹೆಜ್ಜೆ ಇಡುವಾಗ ಹಿಮ್ಮಡಿ ಅಡಿಯಲ್ಲಿ ಚುಚ್ಚಿ, ಆಮೇಲೆ ನಡೆಯುತ್ತಾ ನಡೆಯುತ್ತಾ ಕಡಿಮೆಯಾಗುವ ನೋವು ಸಾಮಾನ್ಯವಾಗಿ ಪ್ಲಾಂಟರ್ ಫೇಶಿಯೈಟಿಸ್, ಅಂದರೆ ಅಂಗಾಲಿನ ಪಟ್ಟಿಯಂಥ ಅಂಗಾಂಶದ ತೊಂದರೆ. ಬೆರಳಿಟ್ಟು ತೋರಿಸುವಷ್ಟು ಒಂದೇ ಜಾಗದಲ್ಲಿ ನೋವು, ಓಡಿದಷ್ಟೂ ಜಾಸ್ತಿ, ಆಮೇಲಾಮೇಲೆ ಸುಮ್ನೆ ಕೂತಾಗಲೂ ನೋವು ಅಂದರೆ ಮೂಳೆಯ ಬಗ್ಗೆ ಅನುಮಾನ ಪಡಬೇಕು. ಅದು ಸ್ಟ್ರೆಸ್ ಫ್ರಾಕ್ಚರ್, ಅಂದರೆ ಪದೇ ಪದೇ ಬಿದ್ದ ಭಾರದಿಂದ ಮೂಳೆಯಲ್ಲಾದ ಸಣ್ಣ ಬಿರುಕು ಇರಬಹುದು. ಇಲ್ಲಿ ಒಂದು ಮಾತು ನೆನಪಿಟ್ಟುಕೊಳ್ಳಿ, ಮೊದಲ ಎರಡು ಮೂರು ವಾರ ಸ್ಟ್ರೆಸ್ ಫ್ರಾಕ್ಚರ್ ಎಷ್ಟೋ ಸಲ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಎಕ್ಸ್‌ರೇ ಚೆನ್ನಾಗಿದೆ ಅಂತ ಓಡಲು ಹೊರಟುಬಿಡಬೇಡಿ. ನೋವು ಹಾಗೇ ಇದ್ದರೆ ಎಂಆರ್‌ಐ ಬೇಕಾ ಅಂತ ವೈದ್ಯರನ್ನು ಕೇಳಿ.

ಮೂಳೆಗಳಲ್ಲೂ ಎಲ್ಲವೂ ಒಂದೇ ಅಲ್ಲ. ಎರಡನೇ, ಮೂರನೇ ಬೆರಳಿನ ಹಿಂದಿರುವ ಉದ್ದ ಮೂಳೆಗೆ, ಅಂದರೆ ಮೆಟಟಾರ್ಸಲ್‌ಗೆ ಬಿರುಕು ಬಿದ್ದರೆ ಸಾಮಾನ್ಯವಾಗಿ ಆರರಿಂದ ಎಂಟು ವಾರದಲ್ಲಿ ಕೂಡಿಕೊಳ್ಳುತ್ತದೆ. ಆದರೆ ಪಾದದ ಮೇಲ್ಭಾಗದಲ್ಲಿರುವ ನ್ಯಾವಿಕ್ಯುಲರ್ ಮೂಳೆ, ಕಿರುಬೆರಳಿನ ಹಿಂದಿನ ಮೂಳೆಯ ಬುಡ, ಈ ಎರಡು ಜಾಗಗಳಿಗೆ ರಕ್ತ ಪೂರೈಕೆ ಕಡಿಮೆ. ಇಲ್ಲಿ ಬಿರುಕು ಬಿದ್ದರೆ ವಾರಗಟ್ಟಲೆ ಕಾಲು ಊರಲೇಬಾರದು, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ಈ ಜಾಗಗಳಲ್ಲಿ ನೋವಿದ್ದು "ನೋಡೋಣ, ಒಂದು ವಾರ ಬಿಟ್ಟು ಓಡೋಣ" ಅನ್ನುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ.

ನೋವನ್ನು ಎಷ್ಟು ಸಹಿಸಬಹುದು ಅನ್ನುವುದೂ ಇದರ ಮೇಲೇ ನಿಂತಿದೆ. ಹಿಮ್ಮಡಿಯ ಹಿಂದಿರುವ ಅಕಿಲಿಸ್ ಸ್ನಾಯುರಜ್ಜಿನ ನೋವಿಗೆ 2007ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ವ್ಯಾಯಾಮ ಮಾಡುವಾಗ ಹತ್ತರಲ್ಲಿ ಐದರವರೆಗೆ ನೋವಿದ್ದರೂ ಮುಂದುವರಿಯಲು ಬಿಟ್ಟಿದ್ದರು, ಮಾರನೇ ಬೆಳಿಗ್ಗೆಗೆ ಅದು ಇಳಿಯಬೇಕು ಅನ್ನುವುದು ಷರತ್ತು. ಅವರು ಚೇತರಿಸಿಕೊಂಡರು. ನಾನು ಸ್ವಲ್ಪ ಜಾಗ್ರತೆಯಿಂದ ಮೂರಕ್ಕೇ ನಿಲ್ಲಿಸಿ ಅನ್ನುತ್ತೇನೆ. ಮೂಳೆಗೆ ಈ ರಿಯಾಯಿತಿ ಇಲ್ಲ. ಮೂಳೆ ನೋವಿಗೆ ಲೆಕ್ಕ ಸೊನ್ನೆ. ಸ್ವಲ್ಪ ನೋವು ಬಂದರೂ ಆ ಕೆಲಸ ನಿಲ್ಲಿಸಬೇಕು. ನೋವಿನ ಮಾತ್ರೆ ನುಂಗಿ ತರಬೇತಿ ಮಾಡುವುದಂತೂ ಬೇಡವೇ ಬೇಡ, ನಿಮಗೆ ಎಚ್ಚರಿಕೆ ಕೊಡಲು ಇರುವುದು ಆ ನೋವೊಂದೇ.

ಈಗ ದಮ್ಮಿನ ವಿಷಯ. ತರಬೇತಿ ನಿಲ್ಲಿಸಿದರೆ ಮೊದಲು ಕಡಿಮೆಯಾಗುವುದು ರಕ್ತದಲ್ಲಿರುವ ನೀರಿನ ಅಂಶ, ಅಂದರೆ ಪ್ಲಾಸ್ಮಾ. ಅದು ಕಡಿಮೆಯಾದರೆ ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತವೂ ಕಡಿಮೆ. 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚೆನ್ನಾಗಿ ಪಳಗಿದ ಕ್ರೀಡಾಪಟುಗಳು ತರಬೇತಿಯನ್ನು ಪೂರ್ತಿ ಬಿಟ್ಟಾಗ ಅವರ ವಿಓ2 ಮ್ಯಾಕ್ಸ್, ಅಂದರೆ ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನುವ ಅಳತೆ, ಮೂರು ವಾರದಲ್ಲಿ ಶೇ. 7ರಷ್ಟು, ಎಂಟು ವಾರದ ಹೊತ್ತಿಗೆ ಶೇ. 16ರಷ್ಟು ಇಳಿಯಿತು. ಇದು ಏನೂ ಮಾಡದೆ ಕೂತವರ ಲೆಕ್ಕ. ನೀವು ಏನೂ ಮಾಡದೆ ಕೂರುವುದಿಲ್ಲ, ಅಲ್ವಾ?

ಎಷ್ಟು ಮಾಡಿದರೆ ಸಾಕು ಅನ್ನುವುದಕ್ಕೂ ಉತ್ತರ ಇದೆ. ನನಗೆ ತುಂಬಾ ಸಮಾಧಾನ ಕೊಡುವ ಉತ್ತರ. 1980ರ ದಶಕದ ಮೊದಲಲ್ಲಿ ಹಿಕ್ಸನ್ ಎಂಬ ಸಂಶೋಧಕರು ಮತ್ತವರ ತಂಡ ಒಂದರ ಹಿಂದೆ ಒಂದು ಪ್ರಯೋಗ ಮಾಡಿತು. ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷ ಜೋರಾಗಿ ತರಬೇತಿ ಮಾಡಿದವರನ್ನು ಆಮೇಲೆ ಬೇರೆ ಬೇರೆ ರೀತಿಯಲ್ಲಿ ಕಡಿಮೆ ಮಾಡಲು ಬಿಟ್ಟರು. ವಾರಕ್ಕೆ ಎರಡೇ ದಿನ ಮಾಡಿದವರ ವಿಓ2 ಮ್ಯಾಕ್ಸ್ 15 ವಾರ ಉಳಿಯಿತು. ದಿನಕ್ಕೆ 13 ನಿಮಿಷಕ್ಕೆ ಇಳಿಸಿದವರದ್ದೂ ಉಳಿಯಿತು. ಜೋರು ಕಡಿಮೆ ಮಾಡಿದವರದ್ದು ಮಾತ್ರ ಇಳಿಯಿತು. ಅಂದರೆ ಹೊತ್ತು ಕಡಿಮೆ ಮಾಡಬಹುದು, ದಿನ ಕಡಿಮೆ ಮಾಡಬಹುದು, ಏದುಸಿರು ಬರುವಂಥ ಕೆಲಸವನ್ನು ಬಿಡಬಾರದು. ಪಾದ ನೋವಿನವರು ಸಾಮಾನ್ಯವಾಗಿ ಇದಕ್ಕೆ ಉಲ್ಟಾ ಮಾಡುತ್ತಾರೆ. ನಿಧಾನವಾಗಿ, ಗಂಟೆಗಟ್ಟಲೆ, ಓಟ ಹೋದ ದುಃಖಕ್ಕೆ ಈಜುತ್ತಲೇ ಇರುತ್ತಾರೆ. ದೊಡ್ಡ ದೂರದ ಸ್ಪರ್ಧೆಗೆ ಉದ್ದದ ತರಬೇತಿಯೂ ಬೇಕು, ಇಲ್ಲ ಅನ್ನುವುದಿಲ್ಲ, ಆದರೆ ವಾರಕ್ಕೆ ಎರಡು ಮೂರು ಸಲವಾದರೂ ಜೋರಾದ ಇಂಟರ್ವಲ್, ಅಂದರೆ ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ನಿಧಾನ ಮಾಡುವ ತರಬೇತಿ ಇರಲಿ.

ಈಜಿನಿಂದ ಶುರು ಮಾಡೋಣ. ಹೊಲಿಗೆ ಅಥವಾ ತೆರೆದ ಗಾಯ ಇದ್ದರೆ, ಪ್ಲಾಸ್ಟರ್ ಇದ್ದರೆ ನೀರು ಬೇಡ. ಅವೆಲ್ಲ ಮುಗಿದ ಮೇಲೆ ತೊಡೆಗಳ ನಡುವೆ ಪುಲ್ ಬಾಯ್ ಎಂಬ ತೇಲುವ ತುಂಡನ್ನು ಇಟ್ಟುಕೊಂಡು ಫ್ರೀಸ್ಟೈಲ್ ಈಜಿದರೆ ಕಾಲು ಬಡಿಯುವ ಅಗತ್ಯವೇ ಇಲ್ಲ. ಬ್ರೆಸ್ಟ್‌ಸ್ಟ್ರೋಕ್ ಬಿಟ್ಟುಬಿಡಿ, ಅದರ ಒದೆತ ಪಾದವನ್ನು ಹೊರಕ್ಕೆ ತಿರುಚುತ್ತದೆ. ಜನ ಮರೆಯುವುದು ಗೋಡೆಯನ್ನು. ಪ್ರತಿ ಸುತ್ತಿಗೂ ಗೋಡೆಯನ್ನು ಒದ್ದು ತಿರುಗುತ್ತೇವೆ, ಅದು ಮುಂಗಾಲಿನ ಮೇಲೆ ಒಂದು ಸಣ್ಣ ಜಿಗಿತ ಇದ್ದ ಹಾಗೆ. ಕೈಯಿಂದ ಗೋಡೆ ಮುಟ್ಟಿ ತಿರುಗಿ, ಚೆನ್ನಾಗಿರುವ ಕಾಲಿನಿಂದ ಮಾತ್ರ ಮೆಲ್ಲಗೆ ತಳ್ಳಿ. ಕೊಳದ ಅಂಚಿನ ಒದ್ದೆ ನೆಲವೂ ಅಪಾಯ. ಜಾರಿಬಿದ್ದರೆ ಎಲ್ಲಾ ಮೊದಲಿಂದ.

ಇನ್ನೊಂದು ಅಪಾಯ ಭುಜದ್ದು. ಊರುಗೋಲು ಹಿಡಿದು ಓಡಾಡುವವರ ಭುಜ, ಮಣಿಕಟ್ಟು ಇಡೀ ದಿನ ದುಡಿಯುತ್ತಿರುತ್ತವೆ. ಅದರ ಮೇಲೆ ಈಜನ್ನು ಏಕಾಏಕಿ ಎರಡರಷ್ಟು ಮಾಡಿ, ಪುಲ್ ಬಾಯ್ ಜೊತೆಗೆ ಅಂಗೈಗೆ ಪ್ಯಾಡಲ್ ಎಂಬ ಅಗಲ ತಟ್ಟೆ ಹಾಕಿಕೊಂಡರೆ ಪಾದ ವಾಸಿಯಾಗುವಷ್ಟರಲ್ಲಿ ಭುಜ ಕೆಟ್ಟಿರುತ್ತದೆ. ದೂರ ಏರಿಸುವುದಾದರೆ ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ, ಪ್ಯಾಡಲ್ ದೂರ ಇಡಿ. ಈ ಸಮಯವನ್ನು ಈಜಿನ ಶೈಲಿ ತಿದ್ದಿಕೊಳ್ಳಲು ಬಳಸಿ. ಈಜು ನಿಮಗೆ ಕಷ್ಟವಾಗಿದ್ದರಂತೂ ಇಷ್ಟು ಬಿಡುವು ಮತ್ತೆ ಸಿಗುವುದಿಲ್ಲ.

ನೀರಲ್ಲಿ ಓಡುವುದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಓಟಕ್ಕೆ ಹತ್ತಿರವಾದದ್ದು ಇದೇ. ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿಕೊಂಡು, ಪಾದ ತಳ ಮುಟ್ಟದಷ್ಟು ಆಳದಲ್ಲಿ ಓಡುವುದು. ಪಳಗಿದ ಓಟಗಾರರ ಮೇಲೆ ನಡೆದ ಅಧ್ಯಯನಗಳಲ್ಲಿ ನಾಲ್ಕರಿಂದ ಆರು ವಾರ ಬರೀ ನೀರಲ್ಲಿ ಓಡಿದವರ ಓಟದ ಸಾಮರ್ಥ್ಯ ಹೆಚ್ಚು ಕಮ್ಮಿ ಹಾಗೇ ಉಳಿದಿದೆ. ಆದರೆ ಸರಿಯಾಗಿ ಮಾಡಬೇಕು. ಮುಂದಕ್ಕೆ ಬಾಗಿ ನಾಯಿಯಂತೆ ಕೈಕಾಲು ಆಡಿಸಿದರೆ ಪ್ರಯೋಜನ ಇಲ್ಲ. ಬೆನ್ನು ನೇರ, ತುಸು ಮಾತ್ರ ಮುಂದಕ್ಕೆ. ಮಂಡಿ ಎತ್ತಿ, ಕಾಲನ್ನು ಕೆಳಕ್ಕೆ ಹಿಂದಕ್ಕೆ ತಳ್ಳಿ, ಕೈ ಬೀಸುವುದು ನೆಲದ ಮೇಲೆ ಬೀಸುವಂತೆಯೇ. ಮುಂದಕ್ಕೆ ಸಾಗುವ ವೇಗ ತೀರಾ ಕಡಿಮೆ ಇರುತ್ತದೆ, ಅದನ್ನು ನೋಡಿ ಬೇಸರ ಮಾಡಿಕೊಳ್ಳಬೇಡಿ. ಹೃದಯ ಬಡಿತವೂ ನೆಲದ ಮೇಲಿಗಿಂತ ಹತ್ತು ಹದಿನೈದು ಕಡಿಮೆ ತೋರಿಸುತ್ತದೆ, ಹಾಗಾಗಿ ವಾಚ್ ನೋಡದೆ ಉಸಿರಿನ ಮೇಲೆ ಲೆಕ್ಕ ಹಾಕಿ. ಒಂದು ನಿಮಿಷ ಮಾತಾಡಲು ಆಗದಷ್ಟು ಜೋರು, ಅರ್ಧ ನಿಮಿಷ ನಿಧಾನ, ಹೀಗೆ ಹದಿನೈದು ಇಪ್ಪತ್ತು ಸಲ. ಒಂದೇ ವೇಗದಲ್ಲಿ ಮುಕ್ಕಾಲು ಗಂಟೆ ನೀರಲ್ಲಿ ಓಡುವುದಕ್ಕಿಂತ ಇದು ಎಷ್ಟೋ ಮೇಲು, ಹೊತ್ತೂ ಬೇಗ ಹೋಗುತ್ತದೆ.

ಸೈಕಲ್‌ಗೆ ವೈದ್ಯರ ಒಪ್ಪಿಗೆ ಸಿಕ್ಕರೆ ಮನೆಯೊಳಗಿನ ಟ್ರೇನರ್ ಮೇಲೇ, ಅಂದರೆ ಸೈಕಲನ್ನು ನಿಂತಲ್ಲೇ ತುಳಿಯಲು ಬಿಡುವ ಸ್ಟ್ಯಾಂಡ್ ಮೇಲೇ ಶುರು ಮಾಡಿ. ರಸ್ತೆಯಲ್ಲಿ ತುಳಿಯುವುದಕ್ಕಿಂತ ನಿಲ್ಲುವುದೇ ಕಷ್ಟ. ಶೂವನ್ನು ಪೆಡಲ್‌ಗೆ ಸಿಕ್ಕಿಸುವ ಕ್ಲೀಟ್ ಬಿಡಿಸಲು ಹಿಮ್ಮಡಿಯನ್ನು ಹೊರಕ್ಕೆ ತಿರುಚಬೇಕು, ಸಿಗ್ನಲ್‌ನಲ್ಲಿ ಥಟ್ಟನೆ ಕಾಲು ಊರಬೇಕು. ಎರಡೂ ಪಾದಕ್ಕೆ ಆಗದ ಕೆಲಸ. ಟ್ರೇನರ್ ಮೇಲೂ ಇಳಿಯುವಾಗ ಚೆನ್ನಾಗಿರುವ ಕಾಲನ್ನೇ ಮೊದಲು ಬಿಡಿಸಿ, ಅದರ ಮೇಲೆ ನಿಂತು ಇನ್ನೊಂದನ್ನು ಕೈಹಾಕಿ ನಿಧಾನವಾಗಿ ಬಿಡಿಸಿ. ಅಡಿ ಗಟ್ಟಿಯಾಗಿರುವ ಶೂ ಹಾಕಿ. ಕ್ಲೀಟನ್ನು ಹಿಂದಕ್ಕೆ, ಪಾದದ ನಡುವಿನ ಕಡೆಗೆ ಸರಿಸಿದರೆ ಬೆರಳ ಬುಡದ ಮೇಲೂ ಮೀನಖಂಡದ ಮೇಲೂ ಒತ್ತಡ ಇಳಿಯುತ್ತದೆ. ಸೀಟಿನಿಂದ ಎದ್ದು ತುಳಿಯಬೇಡಿ, ಭಾರವಾದ ಗೇರಿನಲ್ಲಿ ನಿಧಾನವಾಗಿ ತುಳಿಯಬೇಡಿ. ಹಗುರ ಗೇರು, ಬೇಗ ಬೇಗ ತಿರುಗುವ ಪೆಡಲ್. ಜೋರು ಬೇಕೆಂದರೆ ಹೀಗೇ ಸಿಗುತ್ತದೆ.

ಶಕ್ತಿ ತರಬೇತಿಯಲ್ಲಿ ಒಂದು ಅಚ್ಚರಿಯ ಸಂಗತಿ ಇದೆ. ಒಂದು ಕೈಯನ್ನೋ ಕಾಲನ್ನೋ ಪಳಗಿಸಿದರೆ ಪಳಗಿಸದ ಇನ್ನೊಂದು ಬದಿಗೂ ಸ್ವಲ್ಪ ಬಲ ಬರುತ್ತದೆ. ಇದನ್ನು ಮೊದಲು ದಾಖಲಿಸಿದ್ದು 1894ರಲ್ಲಿ. ಮಿದುಳು, ನರಗಳ ಮಟ್ಟದಲ್ಲಿ ನಡೆಯುವ ಕೆಲಸ ಇದು. ಹಾಗಾಗಿ ಒಂದು ಕಾಲು ವೈದ್ಯರು ಹಾಕಿಸಿದ ರಕ್ಷಣೆಯ ಬೂಟಿನಲ್ಲಿದ್ದರೂ ಇನ್ನೊಂದು ಕಾಲಿನ ವ್ಯಾಯಾಮ ಬಿಡಬೇಡಿ, ಸೊಂಟ, ತೊಡೆ, ಹೊಟ್ಟೆಯ ಸ್ನಾಯುಗಳನ್ನಂತೂ ಬಿಡಲೇಬೇಡಿ. ಬೂಟ್ ಹಾಕಿದವರಿಗೆ ಇನ್ನೊಂದು ಮಾತು. ಅದರ ಅಡಿ ದಪ್ಪ, ಒಂದು ಕಾಲು ಉದ್ದವಾದ ಹಾಗಾಗುತ್ತದೆ. ಇನ್ನೊಂದು ಶೂ ಒಳಗೆ ಎತ್ತರದ ಪ್ಯಾಡ್ ಹಾಕಿ ಸರಿದೂಗಿಸದಿದ್ದರೆ ಸೊಂಟ ನೋವು ಬರುತ್ತದೆ.

ಪ್ಲಾಂಟರ್ ಫೇಶಿಯೈಟಿಸ್ ಇರುವವರಿಗೆ ವಿಶ್ರಾಂತಿ ಒಂದೇ ಔಷಧ ಅಲ್ಲ. 2015ರ ಒಂದು ಅಧ್ಯಯನ ನೋಡಿ. ಮಡಚಿದ ಟವೆಲ್ ಮೇಲೆ ಬೆರಳುಗಳನ್ನು ಇಟ್ಟು, ಒಂಟಿ ಕಾಲಿನಲ್ಲಿ ಮೂರು ಸೆಕೆಂಡ್ ಹಿಮ್ಮಡಿ ಎತ್ತಿ, ಎರಡು ಸೆಕೆಂಡ್ ನಿಂತು, ಮೂರು ಸೆಕೆಂಡಿನಲ್ಲಿ ಇಳಿಸುವ ವ್ಯಾಯಾಮ. ದಿನ ಬಿಟ್ಟು ದಿನ. ಮೂರು ತಿಂಗಳ ಹೊತ್ತಿಗೆ ಬರೀ ಸ್ಟ್ರೆಚಿಂಗ್ ಮಾಡಿದವರಿಗಿಂತ ಇವರಿಗೆ ಜಾಸ್ತಿ ಗುಣವಾಗಿತ್ತು.

ಊಟದ ಬಗ್ಗೆ ಬೇಸರದ ಮಾತೊಂದು ಹೇಳಲೇಬೇಕು. ಓಟ ನಿಂತ ಕೂಡಲೇ ದಪ್ಪಗಾಗುತ್ತೇನೆ ಅಂತ ಊಟ ಅರ್ಧ ಮಾಡುವವರು ತುಂಬಾ ಜನ. ಮೂಳೆ ಕಟ್ಟಲು ದೇಹಕ್ಕೆ ಶಕ್ತಿ ಬೇಕು, ಪ್ರೋಟೀನ್ ಬೇಕು, ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕು. ಎಷ್ಟೋ ಸ್ಟ್ರೆಸ್ ಫ್ರಾಕ್ಚರ್‌ಗಳ ಹಿಂದೆ ತರಬೇತಿಗೆ ತಕ್ಕಷ್ಟು ತಿನ್ನದೆ ಇರುವುದೂ ಒಂದು ಕಾರಣ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ (ಕ್ರೀಡೆಯಲ್ಲಿ ಶಕ್ತಿಯ ಕೊರತೆ) ಅಂತ ಹೆಸರು ಕೊಟ್ಟಿತು. ಇದು ಹೆಂಗಸರಿಗೂ ಗಂಡಸರಿಗೂ ಬರುತ್ತದೆ. ಮುಟ್ಟು ನಿಂತಿದ್ದರೆ, ಅಥವಾ ಮೂಳೆ ಬಿರುಕು ಮತ್ತೆ ಮತ್ತೆ ಬರುತ್ತಿದ್ದರೆ ದಯವಿಟ್ಟು ಶೂ ಬದಲಾಯಿಸಿ ಸುಮ್ಮನಾಗಬೇಡಿ, ವೈದ್ಯರಿಗೆ ಹೇಳಿ ಪರೀಕ್ಷೆ ಮಾಡಿಸಿ. ಪ್ರೋಟೀನ್ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 1.6ರಿಂದ 2 ಗ್ರಾಂ, ಮೂರು ನಾಲ್ಕು ಹೊತ್ತಿಗೆ ಹಂಚಿಕೊಂಡು. ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳಿಕೊಂಡೇ.

ಇಷ್ಟೆಲ್ಲಾ ಮಾಡಿದಿರಿ ಅಂತಿಟ್ಟುಕೊಳ್ಳಿ. ಎಂಟು ವಾರ ಆಯಿತು, ದಮ್ಮು ಹಾಗೇ ಇದೆ, ತೊಡೆಯಲ್ಲಿ ಕಸುವಿದೆ, ವೈದ್ಯರು ಓಡಬಹುದು ಅಂದರು. ನನ್ನ ಪ್ರಕಾರ ಇಡೀ ಪ್ರಯಾಣದಲ್ಲಿ ಅತ್ಯಂತ ಅಪಾಯದ ದಿನ ಇದೇ.

ಯಾಕೆ ಅಂದರೆ ಹೃದಯ, ಶ್ವಾಸಕೋಶ ಎಲ್ಲಾ ಸಿದ್ಧ, ಪಾದ ಮಾತ್ರ ಸಿದ್ಧವಾಗಿಲ್ಲ. ಎಂಟು ವಾರ ಆ ಮೂಳೆಯ ಮೇಲೆ ಬಡಿತವೇ ಬಿದ್ದಿಲ್ಲ, ಮೀನಖಂಡ ಸಣ್ಣದಾಗಿದೆ. ಏನೂ ಮಾಡದೆ ಮನೆಯಲ್ಲಿ ಕೂತಿದ್ದವರು ಮೊದಲ ದಿನ ಒಂದು ಕಿಲೋಮೀಟರ್ ಓಡುವಷ್ಟರಲ್ಲೇ ಉಸಿರು ಸಿಗದೆ ನಿಲ್ಲುತ್ತಾರೆ, ಅವರ ಪಾದವನ್ನು ಕಾಪಾಡುವುದು ಆ ಏದುಸಿರೇ. ಶ್ರದ್ಧೆಯಿಂದ ಈಜಿ, ತುಳಿದು ಬಂದವರಿಗೆ ಆ ತಡೆ ಇಲ್ಲ. ಮೊದಲ ದಿನವೇ ಐದು ಕಿ.ಮೀ. ಹಾಯಾಗಿ ಓಡಿಬಿಡುತ್ತಾರೆ. ಎತ್ತಿಗೆ ಕಸುವಿದೆ ಅಂತ ಈಗಷ್ಟೇ ಬೆಸೆದ ಅಚ್ಚಿನ ಗಾಡಿಗೆ ಪೂರ್ತಿ ಭಾರ ಹೇರಿದರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ಹಾಗಾಗಿ ನಾನು ಹೇಳುವುದು ಇಷ್ಟೇ, ದಮ್ಮನ್ನು ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದೀರೋ ಓಟಕ್ಕೆ ಅಷ್ಟೇ ನಿಧಾನವಾಗಿ ವಾಪಸ್ ಬನ್ನಿ. ಎಷ್ಟು ಓಡಬೇಕು ಅನ್ನುವುದನ್ನು ಉಸಿರಿಗೆ ಬಿಡಬೇಡಿ, ಮೊದಲೇ ಬರೆದಿಟ್ಟುಕೊಂಡ ಕಾಗದಕ್ಕೆ ಬಿಡಿ.

ಓಡುವ ಮೊದಲು ನಾನು ನೋಡುವುದು ಇವನ್ನು. ಅರ್ಧ ಗಂಟೆ ಬಿರುಸಾಗಿ ನಡೆದರೆ ಆಗಲೂ ನೋವಿಲ್ಲ, ಮಾರನೇ ದಿನವೂ ಇಲ್ಲ. ಒಂಟಿ ಕಾಲಿನಲ್ಲಿ ಇಪ್ಪತ್ತು ಸಲ ಹಿಮ್ಮಡಿ ಎತ್ತಲು ಆಗುತ್ತದೆ, ಎರಡೂ ಕಾಲು ಹೆಚ್ಚು ಕಮ್ಮಿ ಸಮ. ಒಂಟಿ ಕಾಲಿನಲ್ಲಿ ಕುಪ್ಪಳಿಸಿದರೆ ನೋವಿಲ್ಲ, ಭಯವೂ ಇಲ್ಲ. ಇದಕ್ಕೂ ಮೊದಲು ನೀರಲ್ಲೇ ಹಂತ ಹಂತವಾಗಿ ಭಾರ ಏರಿಸಬಹುದು. ಕತ್ತಿನವರೆಗೆ ನೀರಿದ್ದರೆ ಕಾಲಿಗೆ ಬೀಳುವುದು ದೇಹದ ತೂಕದ ಹತ್ತನೇ ಒಂದು ಪಾಲು, ಎದೆಯವರೆಗಾದರೆ ಸುಮಾರು ಮೂರನೇ ಒಂದು, ಸೊಂಟದವರೆಗಾದರೆ ಸುಮಾರು ಅರ್ಧ. ಆಳದಿಂದ ದಡದ ಕಡೆಗೆ ವಾರ ವಾರಕ್ಕೆ ಬರುತ್ತಾ ಹೋಗಿ.

ಆಮೇಲೆ ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ, ಐದಾರು ಸಲ. ಅಷ್ಟೇ. ಇಷ್ಟಾ ಅಂತ ಅನ್ನಿಸುತ್ತದೆ, ಗೊತ್ತು. ಮೂಳೆಯ ಸ್ವಭಾವವೇ ಹಾಗೆ. ಸ್ವಲ್ಪ ಹೊತ್ತಿನ ಬಡಿತಕ್ಕೇ ಅದು ಸ್ಪಂದಿಸಿ ಬಲವಾಗಲು ಶುರು ಮಾಡುತ್ತದೆ, ಅದಕ್ಕಿಂತ ಜಾಸ್ತಿ ಹೊತ್ತು ಬಡಿದರೆ ಲಾಭ ಹೆಚ್ಚುವುದಿಲ್ಲ, ಸವೆತ ಮಾತ್ರ ಹೆಚ್ಚುತ್ತದೆ. ಗಂಟೆಗಟ್ಟಲೆ ಬಿಡುವಾದ ಮೇಲೆ ಮತ್ತೆ ಸ್ಪಂದಿಸುತ್ತದೆ. ಹಾಗಾಗಿ ವಾರಕ್ಕೊಂದು ಉದ್ದ ಓಟಕ್ಕಿಂತ ದಿನ ಬಿಟ್ಟು ದಿನ ಚಿಕ್ಕ ಓಟಗಳು ವಾಸಿ. ಮೊದಲು ಹೊತ್ತು ಏರಿಸಿ, ವೇಗ ಆಮೇಲೆ, ಇಳಿಜಾರು ಮತ್ತು ಟ್ರ್ಯಾಕ್ ಎಲ್ಲಕ್ಕಿಂತ ಕೊನೆಗೆ. ಸೈಕಲ್ ಇಳಿದ ಕೂಡಲೇ ಓಡುವ ಬ್ರಿಕ್ ಅಭ್ಯಾಸವನ್ನೂ ತಡಮಾಡಿ. ಸುಸ್ತಾದ ಮೀನಖಂಡ ಆಘಾತವನ್ನು ಸರಿಯಾಗಿ ಹೀರುವುದಿಲ್ಲ, ಉಳಿದದ್ದೆಲ್ಲ ಪಾದದ ಪಾಲು. ಆದ್ದರಿಂದ ಮೊದಲ ವಾರಗಳಲ್ಲಿ ಓಟ ಇರುವ ದಿನ ಓಟವೇ ಮೊದಲು.

ಬ್ರಿಟನ್ನಿನ ಟ್ರಯಥ್ಲಾನ್ ಕ್ರೀಡಾಪಟು ಅಲಿಸ್ಟೇರ್ ಬ್ರೌನ್ಲಿ ಅವರ ಹೆಸರನ್ನು ಇಲ್ಲಿ ಯಾರಾದರೂ ಎತ್ತುತ್ತಾರೆ. 2012ರ ಆರಂಭದಲ್ಲಿ ಅವರ ಅಕಿಲಿಸ್ ಹರಿದಿತ್ತು, ತಿಂಗಳುಗಟ್ಟಲೆ ಸರಿಯಾಗಿ ಓಡಲಾಗಲಿಲ್ಲ, ಆಗಸ್ಟ್ 7ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಓಟವಿಲ್ಲದೆಯೂ ದಮ್ಮು ಉಳಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ ಅವರ ಹಿಂದೆ ಪೂರ್ತಿ ವೈದ್ಯಕೀಯ ತಂಡ ಇತ್ತು, ವರ್ಷಗಟ್ಟಲೆ ಪಳಗಿದ ಕಾಲುಗಳಿದ್ದವು. ಧೈರ್ಯವನ್ನು ಅವರಿಂದ ತೆಗೆದುಕೊಳ್ಳಿ, ದಿನಗಳ ಲೆಕ್ಕವನ್ನು ನಿಮ್ಮ ಫಿಸಿಯೋ ಹತ್ತಿರ ಕೇಳಿ.

ಸ್ಪರ್ಧೆಯ ದಿನದ್ದು ಒಂದು ಸಣ್ಣ ವಿಷಯ. ಈಜು ಮುಗಿಸಿ ಸೈಕಲ್ ಕಡೆಗೆ ಬರಿಗಾಲಲ್ಲಿ ಓಡುತ್ತೇವೆ. ಕೆಲವು ಕಡೆ ಅದು ನೂರಾರು ಮೀಟರ್, ಕಲ್ಲು ನೆಲ, ಡಾಂಬರು. ತಿಂಗಳುಗಟ್ಟಲೆ ಮೆತ್ತನೆ ಶೂ ಒಳಗಿದ್ದ ಪಾದಕ್ಕೆ ಇದು ದೊಡ್ಡ ಪೆಟ್ಟು. ಅಲ್ಲಿ ನಡೆಯಿರಿ. ಆಯೋಜಕರು ಬಿಟ್ಟರೆ ನೀರಿನ ಅಂಚಿನಲ್ಲಿ ಒಂದು ಜೊತೆ ಶೂ ಇಡಿ.

ಕೊನೆಗೆ ಸಭೆಯಿಂದ ಒಬ್ಬರು ಕೇಳಿದರು: "ನನ್ನ ಸ್ಪರ್ಧೆಗೆ ಇನ್ನು ಹತ್ತು ವಾರ ಇದೆ, ಕಾಲಿಗೆ ಇನ್ನೂ ಬೂಟ್ ಇದೆ. ಹೆಸರು ವಾಪಸ್ ತಗೊಳ್ಳಲಾ ಸರ್?" ಇವತ್ತೇ ನಿರ್ಧಾರ ಮಾಡಬೇಡಿ ಅಂದೆ. ಸ್ಪರ್ಧೆಗೆ ನಾಲ್ಕು ವಾರ ಮುಂಚೆ ಒಂದು ದಿನ ಗುರುತು ಹಾಕಿಕೊಳ್ಳಿ. ಆ ದಿನಕ್ಕೆ ಅರ್ಧ ಗಂಟೆ ಬಿಡದೆ, ನೋವಿಲ್ಲದೆ ಓಡಲು ಆದರೆ ಚಿಕ್ಕ ದೂರಕ್ಕೆ, ಅಂದರೆ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟದ ಸ್ಪ್ರಿಂಟ್‌ಗೆ ಬದಲಾಯಿಸಿಕೊಂಡು ಹೋಗಿ. ಆಗದಿದ್ದರೆ ಈಜು, ಸೈಕಲ್ ಮಾತ್ರ ಇರುವ ಅಕ್ವಾಬೈಕ್ ಇದೆಯಾ ನೋಡಿ, ಅಥವಾ ರಿಲೇ ತಂಡದಲ್ಲಿ ಓಟವನ್ನು ಗೆಳೆಯರಿಗೆ ಬಿಡಿ. ಅದೂ ಇಲ್ಲ, ನಡಿಗೆಗೆ ನೋವಿಲ್ಲ ಅಂದರೆ ಓಟದ ಭಾಗವನ್ನು ನಡೆದೇ ಮುಗಿಸಬಹುದು. ಗಂಟೆಗೆ 6 ಕಿ.ಮೀ. ವೇಗದಲ್ಲಿ ನಡೆದರೆ 5 ಕಿ.ಮೀ.ಗೆ 50 ನಿಮಿಷ, 10 ಕಿ.ಮೀ.ಗೆ 1 ಗಂಟೆ 40 ನಿಮಿಷ ಬೇಕು. ಕಟ್‌ಆಫ್ ಸಮಯದೊಳಗೆ ಅದು ಬರುತ್ತದಾ ಅಂತ ಆಯೋಜಕರನ್ನು ಮೊದಲೇ ವಿಚಾರಿಸಿಕೊಳ್ಳಿ.